ಪಥ್ಯ ತಾಯಿಗೆ ಮಾತ್ರವೇ?

ಸೊಸೆ ಗರ್ಭಿಣಿಯೆಂಬ ಸುದ್ದಿ ತಿಳಿದೊಡನೆ ಮನೆಯ ಹಿರಿಯರ ಗಮನವೆಲ್ಲ ಅವಳ ತಟ್ಟೆಯ ಮೇಲೆ ನೆಲೆಸುತ್ತದೆ. ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬ ಉಪದೇಶಕ್ಕೆ ಕೊನೆಯೇ ಇರುವುದಿಲ್ಲ. ಹುಟ್ಟಿದ ಮಗು ಅಶಕ್ತವಾಗಿದ್ದರೆ "ತಾಯಿ ಪಥ್ಯ ಮಾಡಲಿಲ್ಲ" ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. ತಂದೆ ಏನು ಉಣ್ಣುತ್ತಿದ್ದನೆಂದು ಕೇಳುವವರು ವಿರಳ. ಈ ಪಕ್ಷಪಾತ ಅನ್ಯಾಯವಷ್ಟೇ ಅಲ್ಲ, ವಿಜ್ಞಾನಕ್ಕೂ ಒಪ್ಪುವಂಥದಲ್ಲ.

ತಂದೆಯ ಊಟದಿಂದ ವಂಶವಾಹಿಯ ಮೂಲ ಬರಹ ತಿದ್ದಿಹೋಗುವುದಿಲ್ಲ, ನಿಜ. ಆದರೆ ಆ ಬರಹದ ಯಾವ ಭಾಗ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಗೊತ್ತುಪಡಿಸುವ ರಾಸಾಯನಿಕ ಗುರುತುಗಳಿವೆ. ಓಲೆಗರಿಯ ಕಟ್ಟಿನಲ್ಲಿ ಅಕ್ಷರಗಳು ಇದ್ದಂತೆಯೇ ಇದ್ದು, ಯಾವ ಗರಿಯನ್ನು ಬಿಚ್ಚಿ ಓದಬೇಕೆಂಬುದು ಮಾತ್ರ ಬದಲಾದಂತೆ ಇದು. ಈ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು.

2010ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಗಂಡು ಇಲಿಗಳಿಗೆ ಅತಿಯಾದ ಕೊಬ್ಬಿನ ಆಹಾರ ಕೊಟ್ಟರು. ತಾಯಿ ಇಲಿಗಳು ಸಾಮಾನ್ಯ ಆಹಾರವನ್ನೇ ತಿಂದಿದ್ದವು. ಆದರೂ ಹುಟ್ಟಿದ ಹೆಣ್ಣು ಮರಿಗಳಲ್ಲಿ ಇನ್ಸುಲಿನ್ ಸ್ರವಿಸುವ ಶಕ್ತಿ ಕುಂದಿತ್ತು. ಅದೇ ವರ್ಷ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ, ಪ್ರೋಟೀನ್ ಕಡಿಮೆಯಿರುವ ಆಹಾರ ತಿಂದ ಗಂಡು ಇಲಿಗಳ ಮರಿಗಳಲ್ಲಿ ಯಕೃತ್ತಿನ ಕೊಬ್ಬಿನ ನಿರ್ವಹಣೆಯೇ ಬದಲಾಗಿತ್ತು. ಅತಿಯೂ ಕೊರತೆಯೂ ಎರಡೂ ಗುರುತು ಬಿಟ್ಟಿದ್ದವು.

ಮನುಷ್ಯರ ಮಟ್ಟಿಗೆ ಸ್ವೀಡನ್ನಿನ ಉತ್ತರ ಭಾಗದ ಓವರ್‌ಕಾಲಿಕ್ಸ್ ಎಂಬ ಊರಿನ ದಾಖಲೆಗಳು ಪ್ರಸಿದ್ಧವಾಗಿವೆ. 1890, 1905 ಮತ್ತು 1920ರಲ್ಲಿ ಜನಿಸಿದ ಸುಮಾರು 300 ಮಂದಿಯ ಆಯುಷ್ಯವನ್ನು ಅವರ ಹಿರಿಯರ ಕಾಲದ ಸುಗ್ಗಿ-ಬರಗಳೊಡನೆ ಹೋಲಿಸಿ ನೋಡಲಾಯಿತು. ತಂದೆಯ ತಂದೆ ಹದಿಹರೆಯದ ಹೊಸ್ತಿಲಲ್ಲಿದ್ದಾಗ ಸಮೃದ್ಧ ಸುಗ್ಗಿ ಕಂಡಿದ್ದರೆ, ಮೊಮ್ಮಕ್ಕಳಲ್ಲಿ ಮಧುಮೇಹದಿಂದ ಸಾಯುವ ಸಂಭವ ಹೆಚ್ಚಾಗಿತ್ತೆಂದು 2002ರಲ್ಲಿ ಪ್ರಕಟವಾಯಿತು. ಇದು ಚಿಕ್ಕ ಸಮೂಹದ ಅಧ್ಯಯನ. ಇಲಿಗಳಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿಯೂ ಹಾಗೆಯೇ ಎನ್ನಲಾಗದು. ಆದ್ದರಿಂದ ತಾಯಿಯ ಮೇಲಿದ್ದ ದೂರನ್ನು ಎತ್ತಿ ತಂದೆಯ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ಹೊಣೆಯನ್ನು ಇಬ್ಬರೂ ಹಂಚಿಕೊಳ್ಳಲಿ ಎಂಬುದಷ್ಟೇ ನನ್ನ ಬಿನ್ನಹ.

ಸಮಾಧಾನದ ಸಂಗತಿಯೊಂದಿದೆ. ವೀರ್ಯಾಣು ರೂಪುಗೊಂಡು ಪಕ್ವವಾಗಲು ಸುಮಾರು ಮೂರು ತಿಂಗಳು ಸಾಕು. ಎಂದರೆ, ಸಂತಾನವನ್ನು ಬಯಸುವ ಗಂಡನಿಗೆ ಹೊಸದಾಗಿ ಆರಂಭಿಸುವ ಅವಕಾಶ ಸದಾ ಇದೆ. ಆ ಅವಧಿಯಲ್ಲಿ ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ, ಸೊಪ್ಪು, ಮೊಸರು, ಹಣ್ಣು ನಿತ್ಯದ ಆಹಾರವಾಗಲಿ. ಸಸ್ಯಾಹಾರಿಗಳಾದ ನಾವು ಬೇಳೆಕಾಳುಗಳನ್ನು ಮರೆಯಲಾಗದು. ಬರಿಯ ಅನ್ನ-ಸಾರಿನಿಂದ ಪ್ರೋಟೀನ್ ಸಾಲದು. ಕರಿದ ತಿಂಡಿ, ಬೇಕರಿ ಪದಾರ್ಥ, ಅತಿಯಾದ ಸಕ್ಕರೆ ಹಿಂದೆ ಸರಿಯಲಿ. ಗುಟ್ಕಾ, ಬೀಡಿ, ಮದ್ಯಗಳನ್ನಂತೂ ಪೂರ್ತಿಯಾಗಿ ತ್ಯಜಿಸಬೇಕು. ಬೊಜ್ಜಿದ್ದವರು ನಡಿಗೆಯಿಂದ, ಮೈಮುರಿದು ಮಾಡುವ ಕಾಯಕದಿಂದ ಅದನ್ನು ಇಳಿಸಿಕೊಳ್ಳಲಿ.

ಶಿಶು ಗರ್ಭದಲ್ಲಿರುವಾಗಲೇ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಜನನಕ್ಕೆ ಮೊದಲೇ ಮಗುವಿನ ಹಿತವನ್ನು ಚಿಂತಿಸಿದ ಪರಂಪರೆಯವರು ನಾವು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ, ಗರ್ಭಧಾರಣೆಗೂ ಮೊದಲಿನ ಶುದ್ಧಿಯನ್ನು ಏಕೆ ಚಿಂತಿಸಬಾರದು? ಉಣ್ಣುವ ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವವನಿಗೆ ಅದರಲ್ಲಿ ಮಿತಿಯೂ ಎಚ್ಚರವೂ ಸಹಜವಾಗಿ ಬರಬೇಕು. ಆ ಎಚ್ಚರ ಗಂಡಿಗೊಂದು, ಹೆಣ್ಣಿಗೊಂದು ಎಂದಿಲ್ಲ. ಸ್ತ್ರೀಪುರುಷರನ್ನು ಸಮಾನವಾಗಿ ಕಂಡ ಶರಣರ ಮಾರ್ಗದಲ್ಲಿ ಪಥ್ಯವೂ ಸಮಾನವಾಗಿರಬೇಕಲ್ಲವೇ?

ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಲ್ಲಿ ವಧುವಿಗೆ ಹಿತವಚನ ಹೇಳುವಾಗ ವರನಿಗೂ ಆಹಾರ ಮತ್ತು ವ್ಯಸನಮುಕ್ತಿಯ ಕುರಿತು ಎರಡು ಮಾತು ಹೇಳುವ ಪರಿಪಾಠ ಬೆಳೆಯಲಿ. ಮನೆಯ ಹಿರಿಯರು ಸೊಸೆಯ ತಟ್ಟೆಯನ್ನು ನೋಡುವ ಮೊದಲು ಮಗನ ತಟ್ಟೆಯನ್ನೂ ಒಮ್ಮೆ ನೋಡಲಿ. ಮುಂದೆ ಹುಟ್ಟಲಿರುವ ಕಂದನಿಗೆ ನಾವು ಸಲ್ಲಿಸಬಹುದಾದ ಮೊದಲ ದಾಸೋಹ ಅದೇ.