ಮಂಡಿ ಇಂಜೆಕ್ಷನ್ ರೇಟು ಬೋರ್ಡಿನಲ್ಲಿ ಯಾಕಿಲ್ಲ?

ನಮ್ಮ ಕೊಪ್ಪ ಕಡೆ ಕಬ್ಬಿನ ಬಿಲ್ಲು ಬಂದರೆ ಮೊದಲು ಸೊಸೈಟಿ ಸಾಲ, ಆಮೇಲೆ ಅವ್ವನ ಮಂಡಿ ನೋವು. ನಾಟಿ ಹಾಕಿ, ಕಳೆ ಕಿತ್ತು ಸವೆದ ಮಂಡಿಗಳವು. ಈಗ ಫೋನಿನಲ್ಲಿ ಜಾಹೀರಾತು: ಆಪರೇಷನ್ ಬೇಡ, ಇಂಜೆಕ್ಷನ್ ಸಾಕು, ಸವೆದದ್ದು ಮತ್ತೆ ಬೆಳೆಯುತ್ತೆ. ರೇಟು ಕೇಳಿದರೆ ಮಾತ್ರ 'ಬನ್ನಿ, ಮಾತಾಡೋಣ'.

ಹೆಚ್ಚಾಗಿ ಕೊಡುವುದು ಪಿಆರ್‌ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಚುಚ್ಚುತ್ತಾರೆ. ಉಪಯೋಗ ಇದೆ ಅನ್ನುವ ಅಧ್ಯಯನಗಳೂ ಇವೆ. ಆದರೆ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ನಂತರ ಪಿಆರ್‌ಪಿಯವರಿಗೂ ಬರೀ ಸಲೈನ್ ಚುಚ್ಚಿಸಿಕೊಂಡವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನೋವು ಇಬ್ಬರಿಗೂ ಇಳಿದಿತ್ತು! ಪಕ್ಕದ ಮನೆಯವರು 'ನಂಗೆ ವಾಸಿಯಾಯ್ತು' ಅಂದರೆ ಅದು ಸುಳ್ಳಲ್ಲ, ಸಾಕ್ಷಿಯೂ ಅಲ್ಲ.

ಸ್ಟೆಮ್ ಸೆಲ್ ಬೇರೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್‌ಗೆ 2022ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ, ಅದೂ ಪೂರ್ತಿ ಸವೆದ ಮಂಡಿಗಲ್ಲ. ಹೊಟ್ಟೆಯ ಕೊಬ್ಬು ತೆಗೆದು 'ಇಲ್ಲೇ ಸ್ಟೆಮ್ ಸೆಲ್ ಮಾಡ್ತೀವಿ' ಅನ್ನುವವರಿಗೆ ಆ ಒಪ್ಪಿಗೆ ಅನ್ವಯಿಸಲ್ಲ.

ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು ಅಂತ ರಾಜ್ಯದ ಕೆಪಿಎಂಇ ಕಾಯ್ದೆ ಹೇಳುತ್ತೆ. ಹಾಗಾದರೆ ಮಂಡಿ ಇಂಜೆಕ್ಷನ್ ರೇಟು ಯಾಕೆ ಗುಟ್ಟು? ಜಿಲ್ಲಾ ಆರೋಗ್ಯಾಧಿಕಾರಿಗಳು ಮದ್ದೂರು, ಮಳವಳ್ಳಿ ಕಡೆಯ ಕ್ಲಿನಿಕ್‌ಗಳ ಬೋರ್ಡು ಒಮ್ಮೆ ನೋಡಿ ಬರಲಿ. ನೀವೂ ಅಷ್ಟೇ, ಅಡ್ವಾನ್ಸ್ ಕಟ್ಟುವ ಮುಂಚೆ ಇಂಜೆಕ್ಷನ್ ಹೆಸರು, ಎಷ್ಟು ಸಲ, ಒಟ್ಟು ಎಷ್ಟು ದುಡ್ಡು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಹಿಡಿದು ಮಂಡ್ಯದ ಮಿಮ್ಸ್‌ನ ಮೂಳೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.