ಶಾಂತಿ ಸಭೆ ಗದ್ದಲಕ್ಕಿಂತ ಮೊದಲೇ ಆಗಲಿ

ವಾಡಿ: ಊರಲ್ಲಿ ಗಲಾಟೆ ಅಂದ ಕೂಡಲೇ ಮೊದಲು ಇಳಿಯೋದು ಅಂಗಡಿ ಶಟರ್. ಜಗಳ ಯಾರದೇ ಇರಲಿ, ಅಂದಿನ ವ್ಯಾಪಾರ ಹೋಗೋದು ತಳ್ಳುಗಾಡಿಯವರದು, ಕೂಲಿ ಹೋಗೋದು ಹಮಾಲರದು.

ಚಿತ್ತಾಪುರದ ಅನುಭವ ಕಣ್ಣೆದುರೇ ಇದೆ. 2025ರ ಅಕ್ಟೋಬರ್ 19ಕ್ಕೆ ಆರ್‌ಎಸ್‌ಎಸ್ ಪಥಸಂಚಲನ ನಿಗದಿಯಾಗಿತ್ತು. ಅದೇ ದಿನ ಭೀಮ್ ಆರ್ಮಿ ಕೂಡ ಮೆರವಣಿಗೆಗೆ ಮುಂದಾಯಿತು. ತಾಲ್ಲೂಕು ಆಡಳಿತ ಅನುಮತಿ ಕೊಡಲಿಲ್ಲ. ವಿಷಯ ಹೈಕೋರ್ಟ್‌ನ ಕಲಬುರಗಿ ಪೀಠಕ್ಕೆ ಹೋಯಿತು. ಅಕ್ಟೋಬರ್ 28ರಂದು ಕಲಬುರಗಿಯಲ್ಲಿ ನಡೆದ ಶಾಂತಿ ಸಭೆಯಲ್ಲಿ ಒಮ್ಮತ ಮೂಡಲಿಲ್ಲ. ನವೆಂಬರ್ 5ರಂದು ಬೆಂಗಳೂರಿನಲ್ಲಿ ಮತ್ತೆ ಮಾತುಕತೆ. ಕೊನೆಗೆ ನವೆಂಬರ್ 16ರಂದು ಷರತ್ತು, ಬಿಗಿ ಬಂದೋಬಸ್ತ್ ನಡುವೆ ಪಥಸಂಚಲನ ಶಾಂತಿಯುತವಾಗಿ ಮುಗಿಯಿತು.

ಯಾರು ಸರಿ, ಯಾರು ತಪ್ಪು ಅನ್ನೋ ವಾದ ಬೇರೆ. ಎದುರುಬದುರು ಕೂತು ಷರತ್ತು ಹಾಕಿಕೊಂಡರೆ ದಾರಿ ಸಿಗ್ತದೆ ಅನ್ನೋದೇ ಪಾಠ. ಆದರೆ ಊರಿನ ಮಾತು ಊರಲ್ಲಿ ಮುಗಿಯದೆ ಬೆಂಗಳೂರು ತನಕ ಹೋಗಿ ನಾಲ್ಕು ವಾರ ಹಿಡೀತು.

ಗಣೇಶ ಹಬ್ಬ, ಮೊಹರಂ ಬಂದಾಗ ಠಾಣೆಯಲ್ಲಿ ಶಾಂತಿ ಸಭೆ ಆಗ್ತದೆ. ಮುಖಂಡರು ಬರ್ತಾರೆ, ಚಹಾ ಕುಡಿದು ಹೋಗ್ತಾರೆ. ವರ್ಷದ ಉಳಿದ ದಿನ? ಬೀಟ್ ಪೊಲೀಸರಿದ್ದಾರೆ, 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಕೂಡ ಶುರುವಾಗಿದೆ. ಅವರ ಜೊತೆ ವ್ಯಾಪಾರಿಗಳು, ಆಟೋ ಚಾಲಕರು, ಸ್ವಸಹಾಯ ಸಂಘದ ಮಹಿಳೆಯರು ತಿಂಗಳಿಗೊಮ್ಮೆ ಕೂತರೆ ಸಣ್ಣ ಕಿರಿಕಿರಿ ಸಣ್ಣದಿರುವಾಗಲೇ ಗೊತ್ತಾಗ್ತದೆ. ಮೊಬೈಲ್‌ನಲ್ಲಿ ಹರಿದಾಡೋ ವದಂತಿಗೂ ಅಲ್ಲೇ ಉತ್ತರ ಸಿಗ್ತದೆ.

ಹೊಡೆದಾಟ ಶುರುವಾದ ಮೇಲೆ 112ಕ್ಕೆ ಫೋನ್ ಮಾಡಲೇಬೇಕು. ಅದಕ್ಕಿಂತ ಮೊದಲಿನ ಕೆಲಸ ಮಾತ್ರ ಊರಿನವರದೇ.