ಪರದೇಶಿಯ ನೆನಪು

ಪರದೇಶದ ನಗರದಲ್ಲಿ ಕೆಲಕಾಲ ನೆಲಸಿದವರು ನೆನಪುಗಳನ್ನು ಬರೆಯಹೊರಟರೆ, ತಾವು ಉಂಡುದನ್ನೂ ತಾವು ಪಟ್ಟ ಪಾಡನ್ನೂ ಹೇಳಿ ಮುಗಿಸುವುದೇ ಹೆಚ್ಚು. ಅಷ್ಟೇ ಸಾಲದೆಂದು ನನ್ನ ಅಭಿಪ್ರಾಯ.

ಎಡ್ವರ್ಡ್ ಸೈಡೆನ್‌ಸ್ಟಿಕರ್ ಎಂಬ ಅಮೆರಿಕನ್ 1945ರಲ್ಲಿ ಗೆದ್ದ ಸೈನ್ಯದೊಡನೆ ಜಪಾನಿಗೆ ಬಂದವನು. ಮುಂದೆ ಟೋಕಿಯೋದಲ್ಲಿ ವರ್ಷಗಟ್ಟಲೆ ನೆಲಸಿದನು. ಕವಾಬಾಟನ ಕಾದಂಬರಿಗಳನ್ನು ಇಂಗ್ಲಿಷಿಗೆ ತಂದನು. 1983ರಲ್ಲಿ ಪ್ರಕಟವಾದ ‘ಲೋ ಸಿಟಿ, ಹೈ ಸಿಟಿ’ ಎಂಬ ಗ್ರಂಥದಲ್ಲಿ, ತಾನೆಂದೂ ಕಾಣದ, 1923ರ ಭೂಕಂಪದ ಬೆಂಕಿಗೆ ಆಹುತಿಯಾದ ಹಳೆಯ ಟೋಕಿಯೋವನ್ನೂ ಅಲ್ಲಿನ ವರ್ತಕರ, ಕಸಬುದಾರರ ಕೇರಿಗಳನ್ನೂ ಚಿತ್ರಿಸಿದ್ದಾನೆ. ಆಗ ಆತನು ದೂರದ ಕೊಲರಾಡೋದಲ್ಲಿ ಎರಡು ವರ್ಷದ ಕೂಸು!

ಊರು ಕಳೆದುಕೊಂಡುದೇನೆಂದು ಕೇಳಿ ತಿಳಿದವನೇ ಆ ಊರಿನವನು. 2007ರಲ್ಲಿ ಆತನು ತೀರಿಕೊಂಡುದೂ ಟೋಕಿಯೋದಲ್ಲಿಯೇ. ಗೆದ್ದವರೊಡನೆ ಬಂದವನು ಊರಿನವನಾಗಿ ಮಣ್ಣು ಸೇರಿದನು.